ಜೈನಾಪುರದ ನಲವತ್ತೊಂದು ತೋಳುಗಳು

೪ ಮಾರ್ಚ್ ೧೯೬೩, ಸೋಮವಾರ
ಬಬಲೇಶ್ವರ

ಈ ನೋಟುಬುಕ್ಕು ಅಪ್ಪನದು. ಮೊದಲ ಎರಡು ಪುಟಗಳಲ್ಲಿ ಅವನ ಚರ್ಚಿನ ಪ್ರಸಂಗದ ಟಿಪ್ಪಣಿಗಳಿವೆ, ಮೂರನೆಯದಕ್ಕೆ ಬರುವ ಮೊದಲೇ ತೀರಿಕೊಂಡ. ಉಳಿದದ್ದು ನನ್ನ ಪಾಲಿಗೆ ಬಂದಿದೆ. ಅಪ್ಪ ದಾನಿಯೇಲಪ್ಪ ಉಪದೇಶಿ ಹೆಸರಿಗೆ ತಕ್ಕ ಮನುಷ್ಯ. ಕಲ್ಲು ತೂರಿದ ಊರಿಗೆ ಮರುವಾರವೇ ಹಾರ್ಮೋನಿಯಂ ಹೊತ್ತು ಸಂತೆಯಲ್ಲಿ ಸುವಾರ್ತೆ ಸಾರಲು ಹೋಗುತ್ತಿದ್ದ. ಸಿಂಹಗಳ ಗವಿಯಲ್ಲಿ ಕೂತ ಬೈಬಲಿನ ದಾನಿಯೇಲನ ಹೆಸರು ಹೊತ್ತವನ ಮಗಳು ನಾನು ಹಲ್ಲಿಗೆ ಹೆದರುತ್ತೇನೆ. ಈ ದವಾಖಾನೆಯ ಕ್ವಾರ್ಟರ್ಸಿನ ತೊಲೆಯ ಮೇಲೆ ಒಂದು ಇದೆ. ಅದು ಎಲ್ಲಿದೆ ಎಂದು ನೋಡಿಕೊಳ್ಳದೆ ನಾನು ಒಂದು ಸಾಲೂ ಬರೆಯುವುದಿಲ್ಲ.

ಇವತ್ತು ಮಾಡಿದ್ದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಆದ್ದರಿಂದ ಇಲ್ಲಿ.

ಶನಿವಾರ ವಿಜಾಪುರದ ಆರೋಗ್ಯ ಕಚೇರಿಯಲ್ಲಿ ಜೈನಾಪುರದ ಮಕ್ಕಳಿಗೆ ‘ದೇವಿ ಹಾಕಲು’ ಸಿಡುಬಿನ ಲಸಿಕೆ ಕೊಟ್ಟರು. ಗಾಜಿನ ಸಣ್ಣ ನಳಿಗೆಗಳು. ಗಾಂಧಿ ಚೌಕದ ಮುರ್ತುಜಾಸಾಬನ ಶರಬತ್ತಿನ ಅಂಗಡಿಯಲ್ಲಿ ಬರ್ಫ ತೆಗೆದುಕೊಂಡು, ಲಸಿಕೆ ತಣ್ಣಗಿರಲೆಂದು ಸರಕಾರಿ ಥರ್ಮಾಸಿನಲ್ಲಿ ನಳಿಗೆಗಳ ಸುತ್ತ ತುಂಬಿದೆ. ನೇರ ಬಬಲೇಶ್ವರದ ಬಸ್ಸು ಹತ್ತಬೇಕಿತ್ತು. ಆದರೆ ಮರುದಿನ ಚರ್ಚಿನಲ್ಲಿ ಕರ್ತನ ಭೋಜನ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆ ಆರಾಧನೆ ತಿಂಗಳಿಗೊಮ್ಮೆ ಬರುವುದು, ತಪ್ಪಿಸಲು ಮನಸ್ಸಾಗಲಿಲ್ಲ. ಅಲ್ಲೇ ಅವ್ವನ ಮನೆಯಲ್ಲಿ ಉಳಿದೆ.

ರವಿವಾರ ಆರಾಧನೆ ಮುಗಿದ ಮೇಲೆ ನಾನು ಚರ್ಚಿನಲ್ಲಿ ಬಟ್ಟಲು ತೊಳೆಯುತ್ತಿದ್ದಾಗ ಸಭಾಪಾಲಕರೂ ಹೆಣ್ಣುಮಕ್ಕಳ ಸಂಘದವರೂ ಅವ್ವನ ಮನೆಗೆ ಹೋಗಿದ್ದಾರೆ. ಹನ್ನೆರಡು ಮಂದಿಗೆ ಚಹಾ ಆಗಬೇಕು, ಅವ್ವನ ಹತ್ತಿರ ಇರುವುದು ಒಂದು ಸೊಟ್ಟ ಕಿಟ್ಲಿ. ಆಕೆಯ ಕಣ್ಣು ಥರ್ಮಾಸಿನ ಮೇಲೆ ಬಿದ್ದಿದೆ. ಬರ್ಫ ಚೆಲ್ಲಿ, ನಳಿಗೆ ಎತ್ತಿಟ್ಟು, ಚಹಾ ತುಂಬಿದಳು. ಚಹಾ ಬಹಳ ಹೊತ್ತು ಬಿಸಿಯಾಗಿತ್ತು ಎಂದು ಸಭಾಪಾಲಕರು ಮೆಚ್ಚಿ ಹೋದರಂತೆ. ಸಂಜೆ ನಾನು ಹೊಸ ಬರ್ಫ ತುಂಬಬೇಕಿತ್ತು. ಈಸ್ಟರಿನ ಹಾಡುಗಳ ಅಭ್ಯಾಸಕ್ಕೆ ಹೋದವಳು ಮರೆತೆ.

ಇವತ್ತು ಬೆಳಿಗ್ಗೆ ಥರ್ಮಾಸು ಎತ್ತಿಕೊಂಡರೆ ಹಗುರ. ಮೂಸಿದರೆ ಶುಂಠಿ ವಾಸನೆ.

“ನಳಿಗಿ ಎಲ್ಲಿ ಬೇ?”

“ಅಲ್ಲೇ ಒಲಿ ಮ್ಯಾಲಿನ ಮಾಡದಾಗ ಜ್ವಾಕ್ಯಾಗಿ ಇಟ್ಟೀನಲ್ಲ ಯವ್ವಾ. ಒಂದೂ ಒಡದಿಲ್ಲ.”

ಒಂದು ಹಗಲು, ಒಂದು ರಾತ್ರಿ, ಒಲೆಯ ಮೇಲಿನ ಗೋಡೆಯಲ್ಲಿರುವ ಮಾಡ. ಬಿಸಿ ತಾಗಿದ ಲಸಿಕೆ ಸತ್ತಂತೆ, ಬರೀ ನೀರು. ಟ್ರೇನಿಂಗಿನಲ್ಲಿ ಕಲಿಸಿದ ಮೊದಲ ಪಾಠ ಅದು. ಕಚೇರಿಗೆ ಮರಳಿ ಹೋಗಿ ಬೇರೆ ಕೇಳಬೇಕಿತ್ತು. ಕೇಳಿದ್ದರೆ ಇನ್ಸ್‌ಪೆಕ್ಟರ್ ಹಣಮಂತರಾಯರು ಎಲ್ಲ ಗುಮಾಸ್ತರ ಎದುರಿಗೆ ಹುಬ್ಬು ಏರಿಸುತ್ತಿದ್ದರು: “ಸರಕಾರದ ಥರ್ಮಾಸಿನ್ಯಾಗ ಚಹಾ ಕುಡಿದ್ರೇನು ಮಾರ್ಥಾಬಾಯಿ?” ಹೋದ ವರ್ಷ ಒಂದು ಜ್ವರದ ಕಡ್ಡಿ ಒಡೆದದ್ದಕ್ಕೆ ಅರ್ಧ ತಾಸು ಬಾಗಿಲಲ್ಲಿ ನಿಲ್ಲಿಸಿದ್ದರು. ಮೂವತ್ತಾರು ವರ್ಷದ ಹೆಂಗಸು, ಹನ್ನೊಂದು ವರ್ಷದ ಸರ್ವಿಸಿನ ನರ್ಸು, ಸಾಲಿ ಹುಡುಗಿಯ ಹಾಗೆ ನಿಂತಿದ್ದೆ. ಅದು ಇನ್ನೊಮ್ಮೆ ಬೇಡವೆನಿಸಿತು. ಅಷ್ಟೇ ಕಾರಣ. ಬೇರೆ ಯಾವ ದೊಡ್ಡ ಕಾರಣವೂ ಇಲ್ಲ.

ಜೈನಾಪುರಕ್ಕೆ ಹೋದೆ. ಗೌಡರ ಕಟ್ಟೆಯ ಮೇಲೆ ನಲವತ್ತೊಂದು ಮಕ್ಕಳು. ತೋಳಿನ ಮೇಲೆ ಹನಿ ಬಿಟ್ಟು, ಚರ್ಮ ಗೀರುವ ಹಲ್ಲುಗಳ ಸಣ್ಣ ಚಕ್ರ ಒತ್ತಿ ತಿರುಗಿಸಿದೆ. ಒಬ್ಬೊಬ್ಬರನ್ನೂ ಅಳಿಸಿದೆ, ಬರೀ ನೀರಿಗಾಗಿ.

ಕರ್ತನೇ, ನಳಿಗೆಯ ತಳದಲ್ಲಾದರೂ ಒಂದಿಷ್ಟು ಜೀವ ಉಳಿಸಿರು.


೧೨ ಮಾರ್ಚ್, ಮಂಗಳವಾರ

ಇವತ್ತು ಎಂಟನೆಯ ದಿನ, ತೋಳು ನೋಡುವ ದಿನ. ಲಸಿಕೆ ಹತ್ತಿದ್ದರೆ ಗುಳ್ಳೆ ಎದ್ದು, ಸುತ್ತ ಕೆಂಪಾಗಿ, ಮಗು ಎರಡು ದಿನ ಜ್ವರದಲ್ಲಿರಬೇಕು.

ಗೌಡರ ಮನೆ ನಾಯಿ ಹಾದಿಯ ನಡುವೆ ಮಲಗಿತ್ತು. ಹೊಲದ ಬದುವಿನ ಮೇಲೆ ಹಾಯ್ದು ಹಿಂದಿನಿಂದ ಊರು ಹೊಕ್ಕೆ. ಒಂದೂ ತೋಳಿನಲ್ಲಿ ಗುಳ್ಳೆಯಿಲ್ಲ. ಕೆರೆದ ಗುರುತು ಕೂಡ ಮಾಸಿದೆ.

ಊರ ಸೂಲಗಿತ್ತಿ ಪರಸವ್ವ, ನನ್ನ ಜೊತೆ ಎಷ್ಟೋ ಬಾಣಂತನ ಮಾಡಿದವಳು, ನಡುಬೀದಿಯಲ್ಲಿ ನನ್ನ ಕೈ ಹಿಡಿದು ಎತ್ತಿದಳು. “ನೋಡ್ರೆವ್ವಾ ಈ ಕೈ! ಹೋದ ಸಲದಾಂವ ದೇವಿ ಹಾಕಿದಾಗ ಮಕ್ಕಳು ಮೂರು ದಿನಾ ಜ್ವರದಾಗ ಕುದ್ದಿದ್ದು. ಈ ಸಲ ಒಂದರ ಮೈನೂ ಬೆಚ್ಚಗಾಗಿಲ್ಲ. ನಮ್ಮ ಬಾಯಾರ ಕೈ ಅಂದ್ರ ಹೂವು!”

ಕುರುಬರ ಸಕ್ರವ್ವನ ಮಗಳು ಹುಲಿಗೆವ್ವ ತಾನೇ ಅಂಗಿ ಸರಿಸಿ ತೋಳು ಮುಂದೆ ಮಾಡಿತು. ಎರಡು ವರ್ಷದ ಕೆಳಗೆ ಕಾಲು ಮುಂದಾಗಿ ಹುಟ್ಟಿದ ಕೂಸು. ನಾನೂ ಪರಸವ್ವನೂ ಒಂದು ಹಗಲಿಡೀ ಒದ್ದಾಡಿ ಹೊರಗೆ ತಂದದ್ದು. ಅದಕ್ಕೆ ನಾನೆಂದರೆ ಸಲಿಗೆ, ಚೀಲದಲ್ಲಿ ಏನಿದೆ ಎಂದು ಕೈ ಹಾಕಿ ಹುಡುಕುತ್ತದೆ.

ಒಬ್ಬ ಹೆಂಗಸು ಒಂದು ಗಿಂಡಿ ಬೆಣ್ಣೆ ಕೊಟ್ಟಳು. ತಂದು ಕಾಸಿದೆ. ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು ಎನ್ನುತ್ತಾರಲ್ಲ, ನಾನಂತೂ ರೊಟ್ಟಿಗೆ ಹಚ್ಚಿ ತಿಂದೆ.

ರಿಜಿಸ್ಟರಿನಲ್ಲಿ ಪ್ರತಿ ಹೆಸರಿನ ಮುಂದೆ ‘ಎದ್ದಿದೆ’ ಎಂದು ಬರೆದೆ. ನಲವತ್ತೊಂದು ಸಲ. ಕರ್ತನ ಶಿಷ್ಯ ಪೇತ್ರನೂ ಅವನನ್ನು ಅರಿಯೆನೆಂದು ಮೂರೇ ಸಲ ಸುಳ್ಳು ಹೇಳಿದ್ದು.


೧೫ ಮಾರ್ಚ್

ಏನೂ ಆಗಿಲ್ಲ. ಈ ಭಾಗಕ್ಕೆ ಮೈಲಿ, ಅಂದರೆ ಸಿಡುಬು, ಬಂದು ನಾಲ್ಕು ವರ್ಷವಾಯಿತು. ಬರಲಿಕ್ಕಿಲ್ಲ.


೨೦ ಮಾರ್ಚ್, ಬುಧವಾರ

ಬಂತು. ಸೊಲ್ಲಾಪುರದ ಗಿರಣಿಯಿಂದ ಮರಳಿದ ಕುಟುಂಬವೊಂದು ಹೊತ್ತು ತಂದಿದೆ. ಬಬಲೇಶ್ವರದ ಪೇಟೆ ಓಣಿಯ ಒಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದಾರೆ. ಒಳಗೆ ಒಗ್ಗರಣೆ ಹಾಕುವಂತಿಲ್ಲ, ಗಟ್ಟಿ ಮಾತಿಲ್ಲ, ಅಮ್ಮ ಬಂದಿದ್ದಾಳೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ನೋಡಿದೆ. ಮೈಲಿಯೇ.

ಜೈನಾಪುರ ಇಲ್ಲಿಂದ ಎಷ್ಟು ದೂರ? ಸಂತೆಯ ದಿನ ಅರ್ಧ ಊರು ಇಲ್ಲೇ ಇರುತ್ತದೆ.

ಕರ್ತನೇ, ಯಾರಿಗೂ ಗೊತ್ತಾಗದಿರಲಿ. ನನ್ನನ್ನು ಈ ಒಂದು ಸಲ ಪಾರು ಮಾಡು. ಇನ್ನೆಂದೂ ಥರ್ಮಾಸನ್ನು ಕಣ್ಣಿನಿಂದ ಅಗಲಿಸುವುದಿಲ್ಲ.


೨೩ ಮಾರ್ಚ್, ಶನಿವಾರ

ಹಣಮಂತರಾಯರು ಜೀಪಿನಲ್ಲಿ ಬಂದು ಎಲ್ಲರನ್ನೂ ದವಾಖಾನೆಯ ಪಡಸಾಲೆಯಲ್ಲಿ ಕೂರಿಸಿದರು. ಸುತ್ತಲಿನ ಊರುಗಳ ಪಟ್ಟಿ. ಲಸಿಕೆ ಕಡಿಮೆ ಇದೆ, ಯಾವ ಊರಿಗೆ ಮೊದಲು ಎಂದು ಗುರುತು ಹಾಕುತ್ತಿದ್ದರು. ಜೈನಾಪುರದ ಮೇಲೆ ಕೆಂಪು ಪೆನ್ಸಿಲ್ ಎಳೆದರು.

“ಜೈನಾಪುರಕ್ಕ ಯಾರೂ ಹೋಗೂದು ಬ್ಯಾಡ. ನೂರಕ್ಕ ನೂರು ಆಗೇತಿ. ಕೆಲಸ ಅಂದ್ರ ಹಿಂಗ ಮಾಡಬೇಕು, ಮಾರ್ಥಾಬಾಯಿನ್ನ ನೋಡಿ ಕಲೀರಿ.”

ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಇದೇ ಮೊದಲು. ಹೂಂರಿ ಎಂದೆ. ಆ ಕೆಂಪು ಗೆರೆಯನ್ನು ಈಗಲೂ ಕಣ್ಣ ಮುಂದಿನಿಂದ ಒರೆಸಲಾಗುತ್ತಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಕೆ ನಾನು. ಬಾಯಿ ಬಿಟ್ಟರೆ ನೌಕರಿ, ಬಿಡದಿದ್ದರೆ ಮಕ್ಕಳು.

ಒಂದು ಉಪಾಯ ಹೊಳೆದಿದೆ. ಇಲ್ಲಿ ನನ್ನ ಪಾಲಿಗೆ ಬಂದ ಲಸಿಕೆಯಲ್ಲಿ ಉಳಿಸಿಕೊಂಡು ಜೈನಾಪುರಕ್ಕೆ ಗುಟ್ಟಾಗಿ ಇನ್ನೊಮ್ಮೆ ಹಾಕಿಬಿಡುವುದು. ಯಾರಿಗೂ ಏನೂ ಹೇಳಬೇಕಿಲ್ಲ.


೨೬ ಮಾರ್ಚ್, ಮಂಗಳವಾರ

ಉಪಾಯ ನೀರು ಪಾಲಾಯಿತು. ಬದುವಿನ ಮೇಲಿಂದಲೇ ಹೋದೆ, ನಾಯಿ ದೂರದಿಂದ ಬೊಗಳಿತು. ಶಿವಯೋಗೆಪ್ಪ ಗೌಡರಿಗೆ ಮಕ್ಕಳಿಗೆ ಇನ್ನೊಮ್ಮೆ ದೇವಿ ಹಾಕಬೇಕು ಎಂದೆ.

“ಒಮ್ಮಿ ಹಾಕಿದ ಮ್ಯಾಲ ಮತ್ತ್ಯಾಕ್ರಿ ಬಾಯಾರ? ದೇವಿ ಬಂದು ಶಾಂತಾಗಿ ಹೋಗ್ಯಾಳ. ಮನೀಗೆ ಬಂದು ಹೋದಾಕಿನ್ನ ಮತ್ತ ಕೈ ಹಿಡಿದು ಜಗ್ಗಿದ್ರ ಸಿಟ್ಟಿಗೇಳೂದಿಲ್ಲೇನು?”

ಪರಸವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. “ಮೊದಲಿಂದು ಸರಿ ಹತ್ತಿಲ್ಲೇನ್ರಿ?”

ಅಲ್ಲಿಯೇ ಹೇಳಬಹುದಿತ್ತು. ಬಾಗಿಲು ತೆರೆದು ಬಾ ಎಂದು ಕರೆದ ಹಾಗಿತ್ತು.

“ಹತ್ತೇತಿ. ಇದು ಸರಕಾರದ ಹೊಸಾ ರೂಲು,” ಎಂದೆ.

“ಆ ರೂಲು ಸರಕಾರದ ತೋಳಿಗೇ ಹಾಕ್ರಿ,” ಎಂದು ಯಾರೋ ನಕ್ಕರು. ಒಂದು ಮಗುವೂ ಕಟ್ಟೆಗೆ ಬರಲಿಲ್ಲ.

ಹೊರಡುವಾಗ ಸಕ್ರವ್ವ ಬೆನ್ನಿಗೆ ಬಂದಳು. “ಬಾಯಾರ, ಕುರಿ ಹೊಡಕೊಂಡು ಬಿಜ್ಜರಗಿ ಕಡೆ ಹೊಂಟೇವ್ರಿ. ಬಬಲೇಶ್ವರ ದಾಟಿ ಹೋಗಬೇಕು, ಅಲ್ಲಿ ಬ್ಯಾನಿ ಐತಂತ. ಕೂಸಿನ್ನ ಕರಕೊಂಡು ಹೋಗಲೇನ್ರಿ, ಇಲ್ಲಾ ಅತ್ತಿ ಹಂತ್ಯಾಕ ಬಿಡಲೇನು? ಹೆಂಗೂ ನೀವು ದೇವಿ ಹಾಕೀರಿ.” ನಾನು ಕರಕೊಂಡು ಹೋಗು ಎಂಬಂತೆ ತಲೆಯಾಡಿಸಿದೆ. ಬಸ್ಸಿಗೆ ಹೊತ್ತಾಗಿತ್ತು.


೩೦ ಮಾರ್ಚ್

ಪೇಟೆ ಓಣಿಯಲ್ಲಿ ಒಂಬತ್ತು ಮಂದಿಗೆ. ಇಬ್ಬರು ಹೋದರು. ಪ್ರಾರ್ಥನೆಗೆ ಕೂತೆ, ಎದ್ದೆ. ಏನಂತ ಕೇಳಲಿ?


೭ ಏಪ್ರಿಲ್, ಗರಿಗಳ ರವಿವಾರ
ವಿಜಾಪುರ

ಲಸಿಕೆ ತರಲು ಬಂದವಳು ಚರ್ಚಿಗೂ ಹೋದೆ. ಮಕ್ಕಳು ಈಚಲ ಗರಿ ಹಿಡಿದು ಹಾಡುತ್ತಾ ಒಳಗೆ ಬಂದರು. ಆಮೇಲೆ ಕರ್ತನ ಭೋಜನ. ಮನಸ್ಸು ಸರಿಯಿಲ್ಲದವರು ಮೇಜಿನ ಹತ್ತಿರ ಬರಬಾರದು ಎಂದು ಸಭಾಪಾಲಕರು ಪ್ರತಿ ಸಲವೂ ಹೇಳುವ ಮಾತು. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಎಲ್ಲರೂ ಏಳುತ್ತಾರೆ. ಇವತ್ತು ಸಾಲು ಸಾಲಾಗಿ ಎಲ್ಲರೂ ಎದ್ದರು. ನನ್ನ ಕಾಲು ಏಳಲಿಲ್ಲ. ಇಡೀ ಚರ್ಚಿನಲ್ಲಿ ಬೆಂಚಿನ ಮೇಲೆ ಉಳಿದವರು ಎರಡೇ ಜನ, ನಾನು ಮತ್ತು ಇನ್ನೂ ದೀಕ್ಷಾಸ್ನಾನವಾಗದ ಒಂದು ಕೂಸು.

ಮನೆಗೆ ಬಂದ ಮೇಲೆ ಅವ್ವ ಬಾಗಿಲು ಹಾಕಿದಳು. “ಹೊಟ್ಟಿ ನೋವು ಅಂತ ಸುಳ್ಳ ಹೇಳಬ್ಯಾಡ. ನಾ ನಿನ್ನ ಹಡದಾಕಿ.”

ಹೇಳಿದೆ. ಥರ್ಮಾಸು, ಮಾಡ, ಜೈನಾಪುರ, ರಿಜಿಸ್ಟರು, ಎಲ್ಲ. ಅವ್ವನಿಗೆ ಗೊತ್ತಾಗಬಾರದು ಎಂಬುದೂ ನನ್ನ ಬಾಯಿಗೆ ಬೀಗ ಹಾಕಿತ್ತು. ಸಭಾಪಾಲಕರು ಮೆಚ್ಚಿದ ಆ ಚಹಾದ ಮಾತನ್ನು ಆಕೆ ಒಂದು ತಿಂಗಳಿಂದ ಓಣಿಗೆಲ್ಲ ಹಂಚುತ್ತಿದ್ದಳು.

ಅವ್ವ ಗೋಡೆಗೆ ಆತು ಕೂತಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ನನ್ನ ಹೆಸರ ಹೇಳು,” ಎಂದಳು. “ಮುದಕಿ ತಿಳೀದ ಮಾಡ್ಯಾಳ ಅಂತ ಹೇಳು. ನನಗ ಏನ್ ಮಾಡತಾರ?”

“ನೀ ಚಹಾ ಮಾಡಿದಿ ಬೇ. ತಿಳದೂ ತಿಳದೂ ಹಾಕಿದಾಕಿ ನಾ.”

“ಮತ್ತ ಹೋಗಿ ಹೇಳು.”

“ಅಂಜಿಕಿ ಬರತೈತಿ. ನಾ ಅಪ್ಪನಂಗಲ್ಲ. ಅಂವ ಅಂಜತಿದ್ದಿಲ್ಲ.”

ಅವ್ವ ನಕ್ಕಳು. ಅಳುತ್ತಿದ್ದವಳು ನಕ್ಕುಬಿಟ್ಟಳು. “ಯಾರ ಹೇಳಿದ್ರು ನಿನಗ? ಪ್ರತಿ ಸಂತಿ ದಿನಾ ಹಿತ್ತಲದಾಗ ಹೋಗಿ ವಾಂತಿ ಮಾಡಕೊಳತಿದ್ದ. ನಾ ತಂಬಿಗಿ ಹಿಡಕೊಂಡು ನಿಂದರತಿದ್ದೆ. ‘ಕರ್ತನೇ, ನನಗ ಆಗೂದಿಲ್ಲ, ನೀ ಬಾ ಜೋಡಿ’ ಅಂತಿದ್ದ. ಬಾಯಿ ಮುಕ್ಕಳಿಸಿ ಹಾರ್ಮೋನಿಯಂ ಹೊತಗೊಂಡು ಹೋಗತಿದ್ದ. ಇಪ್ಪತ್ತೆರಡ ವರ್ಷ.”

ನಾನು ಆ ವಾಂತಿಯ ಸದ್ದು ಕೇಳಿದ್ದೇನೆ. ಪಿತ್ತ ಎನ್ನುತ್ತಿದ್ದರು. ಎಲ್ಲರೂ ಮುಚ್ಚಿಟ್ಟರು, ಸತ್ತವನನ್ನು ಸಿಂಹ ಮಾಡಿ ನನ್ನ ತಲೆಯ ಮೇಲೆ ಕೂರಿಸಿದರು. ಅಪ್ಪನ ಮೇಲೆ ಸಿಟ್ಟು ಬಂತು. ಅವನು ಇದ್ದಿದ್ದರೆ ತಂಬಿಗೆ ಹಿಡಿದು ನಿಲ್ಲುತ್ತಿದ್ದೆ.


೯ ಏಪ್ರಿಲ್, ಮಂಗಳವಾರ

ಬಬಲೇಶ್ವರದ ದವಾಖಾನೆಗೆ ಬಂದಿದ್ದ ಹಣಮಂತರಾಯರಿಗೆ ಹೇಳಿದೆ. ಬೈಯಲಿಲ್ಲ. ಅದಕ್ಕೇ ಭಯವಾಯಿತು. ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿ, ಕುರ್ಚಿಯ ತುದಿಯಲ್ಲಿ ಕೂತರು.

“ಆ ರಿಜಿಸ್ಟರಿಗೆ ನಾ ಸಹಿ ಮಾಡೇನಿ ಬಾಯಿ. ತೋಳು ನೋಡಿ ಖಾತ್ರಿ ಮಾಡೇನಿ ಅಂತ ಬರದೇನಿ. ಊರಿಗೆ ನಾ ಕಾಲ ಇಟ್ಟಿಲ್ಲ.” ಮುಖ ಬೂದಿಯಾಗಿತ್ತು. “ರಜಾ ಹಾಕಿ ವಿಜಾಪುರಕ್ಕ ಹೋಗ್ರಿ. ಮಳಿ ಬಿದ್ದ ಮ್ಯಾಲ ಬ್ಯಾನಿ ತಾನ ಇಳೀತೈತಿ. ಬಾಯಿ ಬಿಟ್ರಿ ಅಂದ್ರ ನಾ ನಿಮ್ಮನ್ನ ಸಸ್ಪೆಂಡ್ ಮಾಡಬೇಕಾಗತೈತಿ, ನನಗ ಬ್ಯಾರೆ ಹಾದಿ ಇಲ್ಲ.”

ಇಷ್ಟು ವರ್ಷ ಈ ಮನುಷ್ಯನಿಗೆ ಹೆದರಿದೆ. ಇವನೂ ಯಾರಿಗೋ ಹೆದರಿ ಕೂತಿದ್ದಾನೆ. ಅವರಿಗೆ ಒಂದು ಲೋಟ ನೀರು ಕೊಟ್ಟು ಬಂದೆ.


೧೨ ಏಪ್ರಿಲ್, ಶುಭ ಶುಕ್ರವಾರ

ಬೆಳಿಗ್ಗೆ ಹಿತ್ತಲಲ್ಲಿ ವಾಂತಿಯಾಯಿತು. ಬಾಯಿ ಮುಕ್ಕಳಿಸಿ ಜೈನಾಪುರಕ್ಕೆ ಹೋದೆ. ನಡುಹಾದಿಯಿಂದಲೇ ಹೋದೆ, ಬದುವಿನ ಸುತ್ತುಹಾದಿಯಲ್ಲಿ ಹೋದರೆ ಬರ್ಫ ಕರಗುತ್ತದೆ. ಗೌಡರ ನಾಯಿ ಎದ್ದು ಬಂದು ಥರ್ಮಾಸು ಮೂಸಿತು.

ಮಧ್ಯಾಹ್ನ, ವಿಜಾಪುರದ ಚರ್ಚಿನಲ್ಲಿ ಮೂರು ತಾಸಿನ ಆರಾಧನೆ ನಡೆದಿರುವ ಹೊತ್ತು. ಕಟ್ಟೆಯ ಮೇಲೆ ಗಂಡಸರು, ಕೆಳಗೆ ಹೆಂಗಸರು. ಎಲ್ಲರೂ ಬರುವವರೆಗೆ ನಿಂತಿದ್ದೆ. ಹೇಗೆ ಶುರು ಮಾಡಬೇಕೆಂದು ಹಾದಿಯುದ್ದಕ್ಕೂ ಜೋಡಿಸಿಕೊಂಡದ್ದೆಲ್ಲ ಹೋಯಿತು.

“ನಾ ಹೋದ ತಿಂಗಳು ಹಾಕಿದ್ದು ಸತ್ತ ಔಷಧ,” ಎಂದೆ. “ಅದು ಬರೇ ನೀರು. ನಿಮ್ಮ ಮಕ್ಕಳಿಗೆ ಏನೂ ಹತ್ತಿಲ್ಲ. ಅದಕ್ಕ ಜ್ವರಾ ಬರಲಿಲ್ಲ. ನನ್ನ ಕೈ ಹೂವಲ್ಲ.”

ಶಿವಯೋಗೆಪ್ಪ ಗೌಡರು ನಿಧಾನವಾಗಿ ಕೇಳಿದರು. “ಹಾಕೋ ಮುಂದ ನಿಮಗ ಗೊತ್ತಿತ್ತೇನು?”

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆಮೇಲೆ ತಿಳಿಯಿತು ಎಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆ ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು.

“ಗೊತ್ತಿತ್ರಿ. ಸಾಹೇಬರು ಬೈತಾರಂತ ಅಂಜಿ ಹಾಕಿದೆ.”

ಒಬ್ಬನು ನನ್ನ ಕಾಲ ಹತ್ತಿರ ಉಗುಳಿ ಎದ್ದು ಹೋದ. ಬೆಣ್ಣೆ ಕೊಟ್ಟಿದ್ದ ಹೆಂಗಸು ತನ್ನ ಮಗುವನ್ನು ಸೆರಗಿನೊಳಗೆ ಎಳೆದುಕೊಂಡು, “ನಂಬಿದಾಕಿ ಹಿಂಗ ಮಾಡಿದಿ ಅಂದ್ರ ಯಾರನ್ನ ನಂಬೂದು ಯವ್ವಾ?” ಎಂದಳು. ಕೈ ಕಟ್ಟಿಕೊಂಡು ನಿಂತೇ ಇದ್ದೆ. ಬಿಸಿಲು ತಲೆಯ ಮೇಲಿತ್ತು.

ಪರಸವ್ವ ಮುಂದೆ ಬಂದು ಥರ್ಮಾಸಿನ ಮುಚ್ಚಳ ತಾನೇ ತೆಗೆದು, ಒಳಗೆ ಬೆರಳು ಅದ್ದಿ ತಣ್ಣಗಿದೆಯೋ ಎಂದು ನೋಡಿದಳು. “ಇದು ಜೀವಂತ ಐತೇನು?”

“ಐತಿ. ಆದ್ರ ನನ್ನ ಮಾತು ನಂಬಬ್ಯಾಡ್ರಿ. ಎಂಟು ದಿನಕ್ಕ ತೋಳು ಉಬ್ಬಿ, ಜ್ವರಾ ಬಂದು, ಮಕ್ಕಳು ಅತ್ತು ರಂಪ ಮಾಡಿದ್ರ ಜೀವಂತ ಐತಿ ಅಂತ ತಿಳೀರಿ.”

“ಅಂಜುಬುರುಕಿ,” ಎಂದಳು ಪರಸವ್ವ, ಎಲ್ಲರಿಗೂ ಕೇಳುವಂತೆ. ಆಮೇಲೆ ತನ್ನ ಮೊಮ್ಮಗನ ರಟ್ಟೆ ಹಿಡಿದು ಎಳೆತಂದು ನನ್ನ ಮುಂದೆ ಕೂರಿಸಿದಳು. “ಹಾಕು.”

ಹೊತ್ತು ಮುಳುಗುವುದರೊಳಗೆ ನಲವತ್ತು. ಗೌಡರು ಪ್ರತಿ ಮನೆಯ ಬಾಗಿಲಿಗೂ ತಾವೇ ನಿಂತು ಕರೆಸಿದರು, ನನ್ನ ಜೊತೆ ಮಾತ್ರ ಒಂದು ಮಾತೂ ಆಡಲಿಲ್ಲ. ನಲವತ್ತೊಂದನೆಯದು ಹುಲಿಗೆವ್ವ. ಕುರಿಯ ಜೊತೆ ಬಿಜ್ಜರಗಿಯ ಕಡೆ ಹೋಗಿ ಹದಿನಾರು ದಿನವಾಯಿತಂತೆ. ಬಬಲೇಶ್ವರದ ಪೇಟೆಯಲ್ಲಿ ಒಂದು ರಾತ್ರಿ ತಂಗಿದ್ದರಂತೆ.

ನಾನು ತಲೆಯಾಡಿಸಿದ್ದೆ. ಇಪ್ಪತ್ತಾರನೆಯ ತಾರೀಖು ಬಸ್ಸಿಗೆ ಹೊತ್ತಾಗಿತ್ತು ಎಂದು ಈ ಪುಸ್ತಕದಲ್ಲೇ ಬರೆದುಕೊಂಡಿದ್ದೇನೆ. ಹೊತ್ತಾಗಿರಲಿಲ್ಲ. ಬಸ್ಸು ಬರಲು ಇನ್ನೂ ಅರ್ಧ ತಾಸಿತ್ತು.

ನಡೆದದ್ದನ್ನೆಲ್ಲ ಕಾಗದದಲ್ಲಿ ಬರೆದು ಸಹಿ ಮಾಡಿ ಕಚೇರಿಗೆ ಅಂಚೆಗೆ ಹಾಕಿದೆ. ನಾಳೆ ಹುಲಿಗೆವ್ವನನ್ನು ಹುಡುಕಲು, ಬಿಜ್ಜರಗಿಯ ಹಾದಿಯಲ್ಲಿರುವ ತಿಕೋಟಾದ ಮೊದಲ ಬಸ್ಸು.


೧೪ ಏಪ್ರಿಲ್, ಈಸ್ಟರ್
ಬಿಜ್ಜರಗಿ

ನಿನ್ನೆ ತಿಕೋಟಾದಲ್ಲಿ ಕೇಳಿದೆ, ಬಿಜ್ಜರಗಿಯಲ್ಲಿ ಕೇಳಿದೆ. ಇವತ್ತು ಬೆಳಿಗ್ಗೆ ಹೊಲ ಕಾಯುವ ಒಬ್ಬಾತ ದೂರದಿಂದಲೇ ಕೈ ತೋರಿಸಿದ. “ಆ ಕುರಿದಡ್ಡಿ ಹಂತ್ಯಾಕ ಹೋಗಬ್ಯಾಡ್ರಿ. ಕೂಸಿಗೆ ದೇವಿ ಬಂದಾಳ.”

ಮುಳ್ಳುಬೇಲಿಯ ದಡ್ಡಿ, ಬದಿಗೆ ಒಂದು ಚಪ್ಪರ, ಬಾಗಿಲಿಗೆ ಬೇವು. ಸಕ್ರವ್ವನ ಗಂಡ ಗೊಲ್ಲಾಳಪ್ಪ ಕುರಿಗಳೊಡನೆ ದೂರವೇ ಉಳಿದಿದ್ದಾನೆ. ಸಕ್ರವ್ವ ನನ್ನನ್ನು ಕಂಡು ಓಡಿ ಬಂದಳು. ಆ ಮುಖದ ಸಂತೋಷವನ್ನು ಸಾಯುವವರೆಗೂ ಮರೆಯಲಾರೆ.

“ಬಂದ್ರೇನ್ರಿ ಬಾಯಾರ! ಗುಳ್ಳಿ ಎದ್ದು ಮೂರು ದಿನಾ ಆತ್ರಿ. ಮಂದಿ ಅಂಜಸ್ತಾರ, ನಾ ಅಂಜಿಲ್ಲ. ನೀವು ಹಾಕೀರಲ್ಲ, ಹಗುರಾಗಿ ಹೋಗತೈತಲ್ರಿ?”

ಕಟ್ಟೆಯ ಮೇಲೆ ಹೇಳಿದ್ದು ಏನೂ ಕಷ್ಟವಲ್ಲ. ಇದು.

ಹೇಳಿದೆ.

ಅವಳು ಕೂಗಾಡಲಿಲ್ಲ. “ನಾ ಕೇಳಿದ್ನೆಲ್ರಿ,” ಎಂದಳು. “ಕರಕೊಂಡು ಹೋಗಲೇನು ಅಂತ ಕೇಳಿದ್ನೆಲ್ಲ.” ಆಮೇಲೆ ಚಪ್ಪರದ ಒಳಗೆ ಹೋಗಿ ಬೆನ್ನು ತಿರುಗಿಸಿ ಕೂತಳು.

ನಾನೂ ಒಳಗೆ ಹೋಗಿ ಮಗುವಿನ ಇನ್ನೊಂದು ಬದಿಗೆ ಕೂತೆ.


೧೭ ಏಪ್ರಿಲ್

ಕಣ್ಣಿನ ರೆಪ್ಪೆಯ ಒಳಗೂ ಗುಳ್ಳೆ. ಕುದಿಸಿ ಆರಿಸಿದ ಉಪ್ಪುನೀರಿನಿಂದ ತಾಸಿಗೊಮ್ಮೆ ತೊಳೆಯುತ್ತೇನೆ. ಸಕ್ರವ್ವ ನೀರು ಕಾಸಿ ಕೊಡುತ್ತಾಳೆ, ಮಾತಾಡುವುದಿಲ್ಲ. ನನ್ನ ರೊಟ್ಟಿಯನ್ನು ನಾನೇ ಊರಿನಿಂದ ತರುತ್ತೇನೆ.

ಕರ್ತನೇ, ಕಣ್ಣು.


೨೦ ಏಪ್ರಿಲ್, ಶನಿವಾರ
ಜೈನಾಪುರ

ಎಂಟನೆಯ ದಿನ. ತೋಳು ನೋಡಲು ಬರಲೇಬೇಕಿತ್ತು. ಎರಡು ಬಸ್ಸು ಹಿಡಿದು ಬಂದು ಊರ ಬಾಯಿಗೆ ಕಾಲಿಡುವಾಗಲೇ ಕೇಳಿಸಿತು. ಇಡೀ ಊರು ಅಳುತ್ತಿದೆ. ಮನೆಮನೆಯಲ್ಲೂ ಕೂಸು ಚಿಟಿಚಿಟಿ ಚೀರುತ್ತಿದೆ, ತಾಯಂದಿರ ಕಣ್ಣು ನಿದ್ದೆಗೆಟ್ಟು ಕೆಂಡ.

“ಬಂದಳು ನೋಡ್ರಿ! ಆಕಿ ಕೈಗೆ ಕರಿನಾಗರ ಕಡೀಲಿ! ಮೂರು ದಿನಾ ಆತು ಕೂಸು ಮಲಗಿಲ್ಲ!”

“ತೋಳು ನೋಡು, ಬದನೀಕಾಯಿ ಆಗೇತಿ!”

ನೋಡಿದೆ. ಒಂದೊಂದೇ ತೋಳು ಹಿಡಿದು ನೋಡಿದೆ. ಬೈಸಿಕೊಳ್ಳುತ್ತಾ ಮನೆಯಿಂದ ಮನೆಗೆ ಹೋದೆ. ನಡುವೆ ಚುಕ್ಕೆ, ಸುತ್ತ ಕೆಂಪು ಬಳೆ, ಎಲ್ಲ ಪುಸ್ತಕದಲ್ಲಿ ಬರೆದ ಹಾಗೆ. ಮೂವತ್ತೆಂಟು ಎದ್ದಿವೆ. ಉಳಿದ ಎರಡಕ್ಕೆ ಮತ್ತೆ ಹಾಕಿದೆ, ಆ ಎರಡು ಮನೆಯವರೂ ಬೈದರು. ಹೊಗಳಿಸಿಕೊಂಡ ದಿನ ಇದೇ ಬೀದಿಯಿಂದ ಓಡಿಹೋಗಬೇಕೆನಿಸಿತ್ತು. ಇವತ್ತು ಅಷ್ಟು ಶಾಪ ಹೊತ್ತುಕೊಂಡು ಪರಸವ್ವನ ಮನೆಯ ಮುಂದೆ ಕೂತು ಅತ್ತೆ, ನಕ್ಕೆ. ಅವಳು ಒಂದು ತಂಬಿಗೆ ಮಜ್ಜಿಗೆ ತಂದು ಪಕ್ಕದಲ್ಲಿ ಕುಕ್ಕಿ, “ಇದನ್ನ ಕುಡದು ಆ ಕೂಸಿನ ಹಂತ್ಯಾಕ ಹೋಗು,” ಎಂದಳು. ನಾನು ಹೇಳದೆಯೇ ಅವಳಿಗೆ ಗೊತ್ತಿತ್ತು.

ರಿಜಿಸ್ಟರಿನಲ್ಲಿ ಹಳೆಯ ‘ಎದ್ದಿದೆ’ಗಳನ್ನೆಲ್ಲ ಹೊಡೆದುಹಾಕಿ, ‘ನಾನು ಸುಳ್ಳು ಬರೆದದ್ದು’ ಎಂದು ಸಹಿ ಮಾಡಿದೆ. ಬಬಲೇಶ್ವರದಲ್ಲಿ ಕಚೇರಿಯ ಜವಾನ ಒಂದು ಉದ್ದನೆಯ ಲಕೋಟೆ ಕೊಟ್ಟು ಸಹಿ ತೆಗೆದುಕೊಂಡ. ಬಿಜ್ಜರಗಿಗೆ ಬಸ್ಸು ಹೊರಡುವುದರಲ್ಲಿತ್ತು.


೨೫ ಏಪ್ರಿಲ್, ಗುರುವಾರ
ಬಿಜ್ಜರಗಿ

ಜ್ವರ ಇಳಿದು ಮೂರು ದಿನ. ಗುಳ್ಳೆಯ ಹಕ್ಕಳೆಗಳು ಉದುರುತ್ತಿವೆ. ಹುಲಿಗೆವ್ವ ಬದುಕುತ್ತಾಳೆ. ಬಲಗಣ್ಣು ತಿಳಿಯಾಗಿದೆ. ಎಡಗಣ್ಣಿನ ಮೇಲೆ ಬಿಳಿ ಪೊರೆ ಕೂತಿದೆ, ಅದು ಹೋಗುವುದಿಲ್ಲ. ಅವಳು ದೊಡ್ಡವಳಾದ ಮೇಲೆ ಯಾರಾದರೂ ಕೇಳಿದರೆ ದೇವಿಯ ಆಟ ಎನ್ನುತ್ತಾರೆ. ದೇವಿಯಲ್ಲ, ನಾನು. ಅವಳಿಗೆ ಬುದ್ಧಿ ಬಂದ ಮೇಲೆ ನಾನೇ ಹೇಳಬೇಕು. ಅದಕ್ಕಾಗಿ ಈ ಸೀಮೆ ಬಿಟ್ಟು ದೂರ ಹೋಗುವಂತಿಲ್ಲ.

ಅವ್ವ ಯಾರದೋ ಕೈಯಲ್ಲಿ ಗಂಟು ಕಳಿಸಿದ್ದಾಳೆ. ಒಳಗೆ ಹಳೆಯ ಮೆತ್ತನೆಯ ಸೀರೆ, ಮಗುವಿಗೆ ಹಾಸಲು. ಒಂದು ಚೀಟಿಯಲ್ಲಿ ಸಭಾಪಾಲಕರ ಅಕ್ಷರ: ಸಭೆಯವರ ಮುಂದೆ ಅವ್ವ ಎಲ್ಲವನ್ನೂ ತನ್ನ ಬಾಯಿಂದಲೇ ಹೇಳಿದ್ದಾಳಂತೆ, ಚಹಾದ ಸಂಗತಿಯನ್ನೂ.

ಚಪ್ಪರದ ಗಳುವಿನ ಮೇಲೆ ಒಂದು ದಪ್ಪ ಹಲ್ಲಿಯಿದೆ. ಅದು ನೊಣ ಹಿಡಿಯುವುದನ್ನು ಹುಲಿಗೆವ್ವ ಒಂದೇ ಕಣ್ಣಿನಿಂದ ನೋಡಿ ನಗುತ್ತಾಳೆ. ಒಳ್ಳೆಯ ಕಾಲಕ್ಷೇಪ. ಅದು ಅತ್ತಿತ್ತ ಹೋದರೆ ನಾನೇ ಕಡ್ಡಿಯಿಂದ ಈ ಬದಿಗೆ ಸರಿಸುತ್ತೇನೆ.

ಮಧ್ಯಾಹ್ನ ಬಿಸಿಲಿಗೆ ಮಗು ಉರಿಯಿಂದ ನರಳತೊಡಗಿತು. ಬೀಸಣಿಗೆ ಎಲ್ಲೋ ಬಿದ್ದಿತ್ತು. ಚೀಲದಲ್ಲಿ ಕೈಗೆ ಸಿಕ್ಕಿದ ಕಾಗದ ತೆಗೆದು ಗಾಳಿ ಹಾಕಿದೆ.

“ಅದೇನ್ ಕಾಗದ್ರಿ?”

ಸಕ್ರವ್ವ. ಹನ್ನೊಂದು ದಿನದ ಮೇಲೆ ಮೊದಲ ಮಾತು. ನೋಡಿಕೊಂಡರೆ ಆ ಉದ್ದನೆಯ ಲಕೋಟೆ.

“ಕಚೇರೀದು.”

“ಏನ್ ಬರದಾರ?”

“ಇನ್ನಾ ಒಡದಿಲ್ಲ.”

ಒಲೆಯ ಮೇಲಿನ ರೊಟ್ಟಿ ತಿರುವಿ, ಅದನ್ನು ಎರಡು ಮಾಡಿ, ಅರ್ಧ ನನ್ನ ಕಡೆ ಸರಿಸಿದಳು. ಮುಖ ಇನ್ನೂ ಗಂಟೇ.

“ಮತ್ತ ಯಾಕ ನಿಲ್ಲಿಸಿದ್ರಿ? ಗಾಳಿ ಹಾಕ್ರಿ. ಕೂಸಿಗೆ ಉರಿ ಆಗಾಕತ್ತೈತಿ.”

ಹಾಕುತ್ತಿದ್ದೇನೆ. ಬಲಗೈಯಲ್ಲಿ ಲಕೋಟೆ ಇದ್ದರೆ ಮಗುವಿಗೆ ಗಾಳಿ ಸರಿಯಾಗಿ ತಾಗುತ್ತದೆ, ಎಡಗೈಯಿಂದ ಬರೆಯಲು ನನಗೆ ಬರುವುದಿಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ.